ಬಿಡಿಭಾಗದ ರಾಯರು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ರಸ್ತೆಗೊಬ್ಬರಾದರೂ ಯೆಜ್ಡಿ ರಾಯರು ಇದ್ದೇ ಇರುತ್ತಾರೆ. ಹೆಸರು ರಾವ್ ಎಂದೇ ಇರಬೇಕಾಗಿಲ್ಲ. ಗೌಡರಿರಬಹುದು, ಷರೀಫರಿರಬಹುದು, ಡಿಸೋಜ ಇರಬಹುದು. ಗುರುತು ಹಿಡಿಯುವುದು ಸುಲಭ. ಭಾನುವಾರ ಬೆಳಿಗ್ಗೆ ಗೇಟಿನ ಒಳಗೆ ಗೋಣಿಚೀಲ ಹಾಸಿ, ಬನಿಯನ್ನು ಲುಂಗಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಲಗೈಯಲ್ಲಿ ಹಳೇ ಟೂತ್‌ಬ್ರಷ್ಷು, ಎಡಗೈಯಲ್ಲಿ ಕಾರ್ಬುರೇಟರು ಹಿಡಿದಿರುವವರೇ ಅವರು. ಮಾತಾಡಿಸಿದಿರೋ, ಕೆಟ್ಟಿರಿ. ಹಾಲು ತರಲು ಹೊರಟವರು ಮೊಸರಾದ ಮೇಲೆ ಮನೆ ಸೇರುತ್ತೀರಿ.

ನಮ್ಮ ರಸ್ತೆಯ ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಸಾಲ ಕೇಳಿ ಬಂದವನ ಮುಖ ನೋಡಿಯೇ ಇವನು ತೀರಿಸುವ ಗಿರಾಕಿಯೋ ಅಲ್ಲವೋ ಹೇಳಿಬಿಡುತ್ತಿದ್ದರಂತೆ. ಈಗಲೂ ತರಕಾರಿ ಗಾಡಿಯವನ ಹತ್ತಿರ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸದೆ ಗೇಟು ಹಾಕುವುದಿಲ್ಲ. ಹೊಸ ಚಪ್ಪಲಿ ತೆಗೆದುಕೊಳ್ಳಿ ಅಂದರೆ ಹಳೆಯದಕ್ಕೇ ಉಂಗುಷ್ಠ ಹೊಲಿಸಿಕೊಂಡು ಬರುತ್ತಾರೆ. ಇಂಥ ರಾಯರ ಕೈಯಿಂದ ದುಡ್ಡು ನೀರಿನ ಹಾಗೆ ಹರಿಯುವುದು ಒಂದೇ ಕಡೆ. ಅವರ ಯೆಜ್ಡಿ ಬೈಕಿನ ಚೈನು ಪೂರಾ ಕವರಿನೊಳಗೆ ಓಡುತ್ತದೆ. ಆ ಕವರಿನ ಬಾಯಿಗೆ ಮಡಿಕೆ ಮಡಿಕೆಯ ಎರಡು ರಬ್ಬರ್ ಕೊಳವೆ ಬರುತ್ತವೆ. ಅವು ಒಡೆದರೆ ರಾಯರು ಬೆಂಗಳೂರಿಗೆ ಹೊರಟರೆಂದೇ ಅರ್ಥ.

ಇದರಲ್ಲಿ ಒಂದು ತಮಾಷೆಯಿದೆ. ಗಾಡಿ ಹುಟ್ಟಿದ್ದು ಮೈಸೂರಿನಲ್ಲೇ. ಇರಾನಿ ಮನೆತನದವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಇಲ್ಲಿ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಸಂಜೆ ಪಾಳಿ ಬಿಡುವ ಹೊತ್ತಿಗೆ ಯಾರಾದರೂ ಕಾರ್ಮಿಕರನ್ನು ಹಿಡಿದು 'ಗೇರ್ ಸ್ವಲ್ಪ ಗಟ್ಟಿ ಬೀಳ್ತಿದೆ ನೋಡಪ್ಪ' ಅನ್ನಬಹುದಾಗಿದ್ದ ಊರಿನಲ್ಲಿ ಈಗ ರಬ್ಬರಿಗೆ ಬರ. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ರಾಯರು ಸಾಮಾನು ಹುಡುಕಿಕೊಂಡು ಹೋಗುವುದು ಬೆಂಗಳೂರಿನ ಜೆ.ಸಿ. ರಸ್ತೆಗೆ, ಅಂದರೆ ಜಯಚಾಮರಾಜೇಂದ್ರ ರಸ್ತೆಗೆ. ಶುರುಮಾಡಿಕೊಟ್ಟವರೇ ದಾರಿಯನ್ನೂ ತೋರಿಸಿದ್ದಾರೆ ಎಂದು ರಾಯರು ಕೈಮುಗಿಯುತ್ತಾರೆ.

ಒಮ್ಮೆ ಅವರ ಜೊತೆ ನಾನೂ ಹೋಗಿದ್ದೆ. ಎರಡಾಳು ಅಗಲದ ಅಂಗಡಿ. ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬ. ಯಾವುದರ ಮೇಲೂ ಹೆಸರಿಲ್ಲ. ಮಾಲೀಕರು ಪೇಪರು ಓದುತ್ತಿದ್ದರು.

"ಯೆಜ್ಡಿ ಪಾಯಿಂಟ್ ಸೆಟ್ ಇದೆಯಾ?"

"ಬರ್ತಿಲ್ಲ."

ಇಲ್ಲಿಗೆ 'ಸರಿ ಬಿಡಿ' ಎಂದು ಮೆಟ್ಟಿಲಿಳಿದವನು ಗೆದ್ದ. ರಾಯರು ಇಳಿಯಲಿಲ್ಲ. ಮುಖ ಬಾಡಿತು. ಮೂವತ್ತು ವರ್ಷ ಬೇರೆಯವರ ಮುಖ ಓದಿದವರಿಗೆ ತಮ್ಮ ಮುಖ ಮುಚ್ಚಿಟ್ಟುಕೊಳ್ಳುವ ವಿದ್ಯೆ ಮಾತ್ರ ಬರಲಿಲ್ಲ.

"ಯಾವ ಮಾಡಲ್ಲು?" ಅಂದರು ಮಾಲೀಕರು, ಪುಟ ತಿರುಗಿಸುತ್ತ.

ರಾಯರು ಮಾಡಲ್ ಹೇಳಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಸಾಲ ಮಾಡಿ ಕೊಂಡಿದ್ದು, ಇವತ್ತಿಗೂ ಬಣ್ಣ ಕಂಪನಿಯದೇ ಎಂದರು. ಬೆಲೆ ನೂರು ಏರಿತು. ತೀರಿಕೊಂಡ ತಂದೆಯವರನ್ನು ಇದೇ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ ಎಂದರು. ಇನ್ನೂರು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊಟಿ ಹತ್ತಿದ್ದನ್ನು ವರ್ಣಿಸುವಾಗಂತೂ ಬೆಲೆ ಗುಡಲೂರು ದಾಟಿ ಮೇಲೇರುತ್ತಿದ್ದದ್ದು ನನ್ನ ಕಿವಿಗೇ ಕೇಳಿಸಿತು. ಕೊನೆಗೆ ಮಾಲೀಕರು ಪೇಪರು ಮಡಿಸಿದರು.

"ಒಂದೇ ಪೀಸ್ ಇದೆ ಸಾರ್. ಕೇರಳದ ಪಾರ್ಟಿಗೆ ಅಂತ ಎತ್ತಿಟ್ಟಿದ್ದೆ."

ಈ ಕೇರಳದ ಪಾರ್ಟಿಯನ್ನು ಇದುವರೆಗೆ ಕಣ್ಣಾರೆ ಕಂಡವರಿಲ್ಲ. ಆದರೆ ಹಳೇ ಗಾಡಿಯ ಸಾಮಾನು ಮಾರುವ ಅಂಗಡಿ ಯಾವುದೇ ಇರಲಿ, ಕೊನೆಯ ಒಂದು ಪೀಸು ಅವನಿಗೇ ಮೀಸಲು. ಅವನು ನಾಳೆ ಬೆಳಿಗ್ಗೆ ಬರುವವನು. ಹೇಳಿದಷ್ಟು ಕೊಡುವವನು. ಕೊಚ್ಚಿಯಲ್ಲಿ ಕೂತು ಒಬ್ಬ ಮಲಯಾಳಿಯೂ ತನ್ನ ಅಂಗಡಿಯವನ ಬಾಯಲ್ಲಿ 'ಮೈಸೂರಿನ ಪಾರ್ಟಿ'ಯ ಹೆಸರು ಕೇಳಿ ಬೆವರುತ್ತಿರಬಹುದು ಎಂಬುದು ನನ್ನ ಅನುಮಾನ.

ಪಾಯಿಂಟ್ ಸೆಟ್ಟು ಅಂದರೆ ಹೆಬ್ಬೆರಳಿನಷ್ಟು ತಗಡು, ಒಂದು ಸ್ಪ್ರಿಂಗು, ಕಿಡಿ ಹೊತ್ತಿಸಲು ಕೂಡುವ ಬಿಡುವ ಎರಡು ಚುಕ್ಕೆ ಲೋಹ. ಅದರ ತೂಕಕ್ಕೂ ಬೆಲೆಗೂ ಸಂಬಂಧವಿಲ್ಲ. ಬೆಲೆ ಕಟ್ಟುವುದು ಕೊಳ್ಳುವವನ ಮುಖದ ಮೇಲೆ. ಅದಕ್ಕೆ ರೈಲು ಚಾರ್ಜು ಸೇರಿಸಿ. ಅಲ್ಲಿಯವರೆಗೆ ಹೋಗಿ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ದೋಸೆ ತಿನ್ನದೆ ಬರುವುದು ಪಾಪವಾದ್ದರಿಂದ ಅದನ್ನೂ ಸೇರಿಸಿ. ಹೇಗೂ ಬಂದಿದ್ದೇವಲ್ಲ ಎಂದು ಕೊಂಡ ಕಂಡೆನ್ಸರು, ಆಯಿಲ್ ಸೀಲು, ಕ್ಲಚ್ ಪ್ಲೇಟು ಸೇರಿಸಿ. ಇವೆಲ್ಲಕ್ಕೂ ರಾಯರಲ್ಲಿ ಒಂದೇ ಮಂತ್ರ: "ಇರ್ಲಿ, ಮುಂದೆ ಸಿಗಲ್ಲ." ಅವರ ಮನೆಯ ಅಟ್ಟದಲ್ಲಿ ಹಾರ್ಲಿಕ್ಸ್ ಬಾಟಲಿಗಳಲ್ಲಿ ಎಣ್ಣೆ ಹಚ್ಚಿಟ್ಟ 'ಇರ್ಲಿ'ಗಳು ಸಾಲಾಗಿ ಕೂತಿವೆ. ಅವನ್ನೆಲ್ಲ ಜೋಡಿಸಿದರೆ ಒಂದು ಇಡೀ ಗಾಡಿ ಇಳಿಯಬಹುದು. ಆದರೆ ಗಾಡಿ ಕೆಟ್ಟಾಗ ಬೇಕಾಗುವುದು ಯಾವ ಬಾಟಲಿಯಲ್ಲೂ ಇಲ್ಲದ್ದೇ.

ಮೈಸೂರಿಗೆ ಬಂದ ಮೇಲೆ ಸಾಮಾನು ಭಾಯ್ ಮುಂದೆ ಪರೀಕ್ಷೆಗೆ ಬರುತ್ತದೆ. ಜಾವಾ ಕಾಲದಿಂದ ಕೈ ಕಪ್ಪು ಮಾಡಿಕೊಂಡ ಮೆಕ್ಯಾನಿಕ್ಕು. ಸಾಮಾನನ್ನು ಮೂಸಿ, ಉಗುರಿನಿಂದ ಕೆರೆದು, ತೀರ್ಪು ಕೊಡುತ್ತಾರೆ.

"ಒರಿಜಿನಲ್ಲೇ ಸ್ವಾಮಿ."

ರಾಯರ ಮುಖ ಅರಳುತ್ತದೆ.

"ಡೆಲ್ಲಿ ಒರಿಜಿನಲ್ಲು."

"ಕವರ್ ಮೇಲೆ ಕಂಪನಿ ಹೆಸರಿದೆಯಲ್ಲ ಭಾಯ್, ನೋಡಿ, ಕಾಗದ ಎಷ್ಟು ಹಳದಿಯಾಗಿದೆ!"

"ಟೀ ನೀರಲ್ಲಿ ಅದ್ದಿದ್ರೆ ಇಂಗೇ ಹಳದಿ ಆಗೋದು."

ಒಮ್ಮೆ ಕಿಕ್ ಶಾಫ್ಟಿನ ಬುಷ್ಷು ಸವೆದಾಗ ಭಾಯ್ ಲೇತಿನವನ ಹತ್ತಿರ ಕಡೆಸಿ 150 ರೂಪಾಯಿಗೆ ಕೆಲಸ ಮುಗಿಸಿದ್ದರು. ಅದು ಇವತ್ತಿಗೂ ಗಟ್ಟಿಯಾಗಿದೆ. ರಾಯರಿಗೆ ಮಾತ್ರ ಸಮಾಧಾನವಿಲ್ಲ. ಯಾರಾದರೂ ಕೇಳಿದರೆ, "ಅದು ತಾತ್ಕಾಲಿಕ" ಎಂದು ದನಿ ತಗ್ಗಿಸುತ್ತಾರೆ. ಅಗ್ಗಕ್ಕೆ ಆದದ್ದು ಅವರ ಲೆಕ್ಕದಲ್ಲಿ ಆಗಿಯೇ ಇಲ್ಲ. ಹಳೇ ಗಾಡಿಯವರ ಈ ಗುಣ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಕಡಿಮೆ ಹೇಳಿದರೆ 'ಡೂಪ್ಲಿಕೇಟೇ?' ಎಂದು ವಾಪಸ್ಸು ಇಡುತ್ತಾರೆಂದೇ ಅವರು ಜಾಸ್ತಿ ಹೇಳುತ್ತಾರೋ ಏನೋ. ಪಾಪ, ವ್ಯಾಪಾರ ಆಗಬೇಕಲ್ಲ.

ಯೆಜ್ಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ನೋಡಲು ಲಕ್ಷಣ. ತುಕ್ಕು ಹಿಡಿದಾಗಲೂ ಎರಡೂ ಒಟ್ಟಿಗೇ ಹಿಡಿಯುತ್ತವೆ, ಒಂದನ್ನೇ ಮಾರುವ ಧರ್ಮಾತ್ಮ ಯಾರೂ ಇಲ್ಲ. ಜೋಡಿ ಸೈಲೆನ್ಸರ್ ಕೊಂಡ ವಾರವೇ ರಾಯರು ಆರ್‌ಟಿಓ ಕಚೇರಿಗೂ ಹೋಗಿದ್ದರು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಬೈಕಿಗೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 1,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 2,000 ಆಯಿತು. "ಹಗಲು ದರೋಡೆ ಕಣ್ರೀ!" ಎಂದು ರಾಯರು ಪಾರ್ಕಿನಲ್ಲಿ ಕತ್ತಲಾಗುವವರೆಗೆ ಭಾಷಣ ಮಾಡಿದರು. ಜೋಡಿ ಸೈಲೆನ್ಸರಿಗೆ ಕೊಟ್ಟ 6,500ರ ಸುದ್ದಿ ಭಾಷಣದಲ್ಲಿ ಬರಲಿಲ್ಲ.

ಗಾಡಿ ಲೀಟರಿಗೆ ಎಷ್ಟು ಕೊಡುತ್ತೆ ಎಂದು ಅವರನ್ನು ಕೇಳಬಾರದು. ಪಕ್ಕದ ಮನೆ ಹುಡುಗ ಕೇಳಿ, "ಮರ್ಯಾದೆ ಕೊಡುತ್ತೆ" ಅನ್ನಿಸಿಕೊಂಡ. ಅದೇ ಹುಡುಗ, "ಅಂಕಲ್, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂತಲ್ಲ, ಅದರ ಪಾರ್ಟ್ಸ್ ಹಾಕ್ಸಿ" ಎಂದು ಸಲಹೆ ಕೊಟ್ಟ. ಹೊಸದು ನೀರಿನಿಂದ ತಣ್ಣಗಾಗುವ ಫೋರ್ ಸ್ಟ್ರೋಕ್ ಇಂಜಿನ್ನು. ಇದು ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಿದರೆ ಹೊಗೆ ಕಾರಿ ಓಡುವ ಟೂ ಸ್ಟ್ರೋಕು. ಹೆಸರೊಂದು ಬಿಟ್ಟರೆ ಒಂದು ನಟ್ಟೂ ಹೊಂದುವುದಿಲ್ಲ. ರಾಯರು ಹುಡುಗನಿಗೆ ಉತ್ತರ ಕೊಡಲಿಲ್ಲ, ಗಾಡಿ ಸ್ಟಾರ್ಟ್ ಮಾಡು ಅಂದರು. ಹುಡುಗ ಕಿಕ್ಕರ್ ಹುಡುಕುತ್ತ ಗಾಡಿಗೆ ಎರಡು ಪ್ರದಕ್ಷಿಣೆ ಹಾಕಿದ. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್ರು: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಎದ್ದು ನಿಲ್ಲುತ್ತದೆ. ಇದನ್ನು ತೋರಿಸುವಾಗ ರಾಯರ ಮುಖದಲ್ಲಿದ್ದ ಕಳೆಗೆ ಬೆಲೆ ಕಟ್ಟಲು ಜೆ.ಸಿ. ರಸ್ತೆಯವರು ಅಲ್ಲಿರಲಿಲ್ಲ, ಪುಣ್ಯ.

ಆ ಲಿವರೇ ಒಂದು ದಿನ ಹಲ್ಲು ಸವೆದು ಜಾರತೊಡಗಿತು. ಎಲ್ಲೂ ಸಿಗಲಿಲ್ಲ. ನಂಜನಗೂಡಿನ ಆಚೆ ಒಂದು ಹಳ್ಳಿಯಲ್ಲಿ ಹಳೇ ಯೆಜ್ಡಿ ಬಿದ್ದಿದೆಯೆಂದು ಭಾಯ್ ಸುದ್ದಿ ತಂದರು. ಕೊಟ್ಟಿಗೆಯಲ್ಲಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಲಿವರ್ ಒಂದನ್ನೇ ಕೊಡಿ ಅಂದರೆ ಮನೆ ಯಜಮಾನರು ಒಪ್ಪಲಿಲ್ಲ: "ಕೊಟ್ರೆ ಪೂರಾ ಕೊಟ್ಟೇನು ಬುದ್ಧಿ, ಕಾಲು ಕಿತ್ಕೊಡಕ್ಕಾಯ್ತದಾ?" ಹೀಗೆ ಒಂದು ಲಿವರಿಗಾಗಿ 18,000 ರೂಪಾಯಿಗೆ ಇಡೀ ಗಾಡಿ ಬಂತು. ಟೆಂಪೋ ಬಾಡಿಗೆ ಬೇರೆ. ಬಿಚ್ಚಿ ಸಾಮಾನು ತೆಗೆದು ಉಳಿದದ್ದನ್ನು ಗುಜರಿಗೆ ಹಾಕುವುದು ಯೋಜನೆ. ಬಿಚ್ಚುವ ಮುಂಚೆ ಸುಮ್ಮನೆ ನೋಡೋಣ ಎಂದು ಭಾಯ್ ಪ್ಲಗ್ ಉಜ್ಜಿ, ಎರಡು ಲೋಟ ಪೆಟ್ರೋಲ್ ಹಾಕಿ ಒದ್ದರು. ಕೆಮ್ಮಿತು. ಇನ್ನೊಮ್ಮೆ ಒದ್ದರು. ಸ್ಟಾರ್ಟ್ ಆಗಿಯೇಬಿಟ್ಟಿತು.

ಜೀವ ಇರುವುದನ್ನು ಬಿಚ್ಚಲು ರಾಯರಿಗೆ ಮನಸ್ಸು ಬರಲಿಲ್ಲ. ಈಗ ಅದಕ್ಕೂ ಜೋಡಿ ಸೈಲೆನ್ಸರ್ ಬೇಕು, ಚೈನ್ ಕವರ್ ರಬ್ಬರ್ ಬೇಕು, ಟ್ಯಾಂಕಿಗೆ ಕ್ರೋಮ್ ಆಗಬೇಕು. ಎರಡು ಗಾಡಿಗೆ ಸರಿಯಿರುವ ಲಿವರ್ ಒಂದೇ; ಒಂದು ಗಾಡಿಯನ್ನು ಹೊರಗೆ ತೆಗೆಯುವ ದಿನ ಇನ್ನೊಂದರಿಂದ ಬಿಚ್ಚಿ ಅದಕ್ಕೆ ಹಾಕುತ್ತಾರೆ.

ಇಷ್ಟೆಲ್ಲದರ ಬೆಲೆ ಮನೆಯಲ್ಲಿ ಯಾವತ್ತೂ ಇನ್ನೂರು ದಾಟಿದ್ದಿಲ್ಲ. "ಎಷ್ಟಾಯ್ತು ರೀ?" ಎಂದು ಮನೆಯವರು ಕೇಳಿದರೆ, "ಏನೋ ಇನ್ನೂರು ರೂಪಾಯಿ ಕಣೇ, ಓಲ್ಡ್ ಸ್ಟಾಕು" ಅನ್ನುವುದು ವಾಡಿಕೆ. ಕಾರ್ಬುರೇಟರು ಇನ್ನೂರು. ಸೈಲೆನ್ಸರು ಇನ್ನೂರು. ಕೋಳಿ ಕೂತಿದ್ದ ಗಾಡಿ, "ಸುಮ್ನೆ ಕೊಟ್ರು, ಟೆಂಪೋದವನಿಗೆ ಇನ್ನೂರು ಕೊಟ್ಟೆ." ಆದರೆ ಬ್ಯಾಂಕಿನಲ್ಲಿದ್ದಷ್ಟು ಕಾಲ ಊರಿಗೆಲ್ಲ 'ಜಂಟಿ ಖಾತೆ ಮಾಡಿಸಿ, ಹೆಂಡತಿ ಮೊಬೈಲ್ ನಂಬರ್ ಕೊಡಿ' ಎಂದು ಬುದ್ಧಿ ಹೇಳಿದವರು ತಮ್ಮ ಮನೆಯಲ್ಲೂ ಅದನ್ನೇ ಮಾಡಿಸಿದ್ದರು. ರಾಯರು ಅಂಗಡಿಯಲ್ಲಿ ಫೋನು ಹಿಡಿದು ಸ್ಕ್ಯಾನ್ ಮಾಡಿದಾಗೆಲ್ಲ ಇಲ್ಲಿ ಅಡುಗೆಮನೆಯಲ್ಲಿ ಆ ತಾಯಿಯ ಫೋನು ಟಿಂಗ್ ಅನ್ನುತ್ತಿತ್ತು. ಅವರು ಸಾರಿಗೆ ಒಗ್ಗರಣೆ ಹಾಕಿ ಸುಮ್ಮನಿರುತ್ತಿದ್ದರು.

ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ನಮ್ಮ ಮನೆಯವಳ ಜೊತೆ ನಾನೂ ಅವರ ಮನೆಗೆ ಹೋಗಿದ್ದೆ. ರಾಯರ ಹೆಂಡತಿ ಉಟ್ಟಿದ್ದು ಹೊಚ್ಚ ಹೊಸ ಮೈಸೂರು ಸಿಲ್ಕು, ಗಿಣಿ ಹಸಿರು, ಗೇಣಗಲದ ಜರಿ ಅಂಚು. ರಾಯರು ಕೈಯಲ್ಲಿದ್ದ ಗ್ಯಾಸ್ಕೆಟ್ ಕೆಳಗಿಟ್ಟರು.

"ಇದೆಷ್ಟಾಯ್ತೇ?"

"ಏನೋ ಇನ್ನೂರು ರೂಪಾಯಿ ರೀ. ಮೈಸೂರಲ್ಲೇ ಆಗಿದ್ದು. ಆದ್ರೆ ಇದರ ಫ್ಯಾಕ್ಟರಿ ಇನ್ನೂ ಮುಚ್ಚಿಲ್ಲ."

"ಇನ್ನೂರಾ? ಬಿಲ್ ಎಲ್ಲಿ?"

"ನಿಮ್ಮ ಸೈಲೆನ್ಸರ್ ಬಿಲ್ ಪಕ್ಕದಲ್ಲೇ ಇಟ್ಟಿದ್ದೀನಿ, ನೋಡ್ಕೊಳಿ" ಎಂದು ನಮ್ಮವಳ ಕೈಗೆ ತಾಂಬೂಲದ ತಟ್ಟೆ ಕೊಟ್ಟು, ಸೆರಗಿನ ಜರಿ ಸರಿಮಾಡಿಕೊಂಡು ಸೇರಿಸಿದರು: "ಒಂದೇ ಪೀಸ್ ಇತ್ತು. ಕೇರಳದ ಪಾರ್ಟಿಗೆ ಅಂತ ಎತ್ತಿಟ್ಟಿದ್ರಂತೆ."