ಕಾರು ವಿಚಾರಿಸುವ ಮೇಷ್ಟ್ರು

ತುಮಕೂರಿನಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟವರಿಗಿಂತ ಅದನ್ನು ವಿಚಾರಿಸುವವರೇ ಹೆಚ್ಚು. ಈ ಪೈಕಿಯವರನ್ನು ಗುರುತಿಸುವುದು ಕಷ್ಟವಲ್ಲ. ವಯಸ್ಸು ಅರವತ್ತರ ಆಚೆ, ಕಂಕುಳಲ್ಲಿ ಡೈರಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಬಾಯಲ್ಲಿ ಸದಾ ಕಿಲೋವ್ಯಾಟು. ಷೋರೂಮಿನ ಹುಡುಗರು ಇವರನ್ನು ಕಂಡರೆ ಕಾಫಿ ತರಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಎಸ್.ಎಸ್. ಪುರಂನಲ್ಲಿ ಇಂಥವರಿಗೆಲ್ಲ ಗುರುಸ್ಥಾನದಲ್ಲಿರುವವರೊಬ್ಬರಿದ್ದಾರೆ. ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು.

ಮೇಷ್ಟ್ರು ಕಾಯುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ. 2001ರಲ್ಲಿ ಬೆಂಗಳೂರಿನ ರೇವಾ ರಸ್ತೆಗಿಳಿದಾಗ, ‘ಮೊದಲನೇ ಮಾಡೆಲ್ಲು ತಗೋಬಾರದು ಕಣ್ರೀ’ ಎಂದರು. 2010ರಲ್ಲಿ ಆ ಕಂಪನಿ ಮಹೀಂದ್ರದ ಪಾಲಾದಾಗ, ‘ನೋಡಿದ್ರಾ? ತಗೊಂಡಿದ್ರೆ ಏನಾಗ್ತಿತ್ತು?’ ಎಂದರು. 2020ರಲ್ಲಿ ಎಲೆಕ್ಟ್ರಿಕ್ ನೆಕ್ಸಾನ್ ಬಂತು, 2022ರಲ್ಲಿ ಎಲೆಕ್ಟ್ರಿಕ್ ಟಿಯಾಗೊ ಬಂತು. ‘ಬರ್ಲಿ ಬರ್ಲಿ, ಇನ್ನೂ ಇಳಿಯುತ್ತೆ’ ಎಂದರು. ಈಗ ಹಳೆಯವೂ ಮಾರಾಟಕ್ಕೆ ಬರತೊಡಗಿ ಅವರ ಸುಖ ಇಮ್ಮಡಿಸಿದೆ. ಮೊದಲು ಕೊಳ್ಳುವುದೋ ಬೇಡವೋ ಎಂಬ ಚಿಂತೆಯೊಂದೇ ಇತ್ತು. ಈಗ ಹೊಸದೋ ಹಳೇದೋ ಎಂಬುದೂ ಸೇರಿಕೊಂಡಿದೆ.

ಅವರಿಗಿರುವ ಓಡಾಟವಾದರೂ ಎಷ್ಟು? ಗುಬ್ಬಿ ಹತ್ತಿರ ತೆಂಗಿನ ತೋಟ, ಕುಣಿಗಲ್‌ನಲ್ಲಿ ಮಗಳನ್ನು ಕೊಟ್ಟ ಮನೆ. ಗುಬ್ಬಿಗೆ ಸುಮಾರು 20 ಕಿ.ಮೀ., ಕುಣಿಗಲ್‌ಗೆ ಹತ್ತಿರಹತ್ತಿರ 40. ಒಂದೇ ದಿನ ಎರಡೂ ಕಡೆ ಹೋಗಿ ಬಂದರೂ 120 ದಾಟುವುದಿಲ್ಲ. 24 ಯೂನಿಟ್ ಬ್ಯಾಟರಿಯ ಟಿಯಾಗೊ ಬಂದಾಗ ಕಂಪನಿ ಕಾಗದದ ಮೇಲೆ ಕೊಟ್ಟ ದೂರ 315 ಕಿ.ಮೀ. ರಸ್ತೆಯಲ್ಲಿ ಅದರ ಅರ್ಧ ಸಿಕ್ಕರೂ ಮೇಷ್ಟ್ರ ಕೆಲಸ ಮುಗಿದು ಇನ್ನಷ್ಟು ಮಿಗುತ್ತದೆ. ಇದನ್ನು ಹೇಳಿದರೆ ಅವರು ಕನ್ನಡಕದ ಮೇಲಿಂದ ನೋಡುತ್ತಾರೆ. ‘ಸರಿ, ದಿಢೀರ್ ಅಂತ ಮಂಗಳೂರಿಗೆ ಹೋಗಬೇಕು ಅನ್ನಿಸಿದ್ರೆ?’ ಮೇಷ್ಟ್ರಿಗೆ ಜೀವಮಾನದಲ್ಲಿ ಒಮ್ಮೆಯೂ ಹಾಗೆ ಅನ್ನಿಸಿಲ್ಲ.

ಡೈರಿಯ ಎಡಪುಟ ಹೊಸದಕ್ಕೆ, ಬಲಪುಟ ಹಳೇದಕ್ಕೆ. ಎಡಕ್ಕೆ ನೀಲಿ ಶಾಯಿಯಲ್ಲಿ: ಜಿಎಸ್‌ಟಿ ಶೇ. 5 ಮಾತ್ರ, ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ. ಕೆಳಗೆ ಕೆಂಪು ಶಾಯಿಯಲ್ಲಿ: ಕಂತು! ಬಲಕ್ಕೆ ನೀಲಿಯಲ್ಲಿ: ಮೊದಲ ಎರಡು ಮೂರು ವರ್ಷದ ಬೆಲೆ ಇಳಿತ ಬೇರೆಯವರ ತಲೆಗೆ, ಡೀಲರ್ ಮಾರಿದರೆ ಅವನ ಲಾಭದ ಮೇಲಷ್ಟೇ ಶೇ. 18, ಮಾಲೀಕರಿಂದ ನೇರ ಕೊಂಡರೆ ಅದೂ ಇಲ್ಲ. ಕೆಂಪಿನಲ್ಲಿ: ಬ್ಯಾಟರಿ ಎಷ್ಟು ಸವೆದಿದೆಯೋ? 2024ರಲ್ಲಿ ವಿಂಡ್ಸರ್ ಕಾರು ಬಂದು, ಕಾರು ನಿಮ್ಮದು, ಬ್ಯಾಟರಿಗೆ ಮಾತ್ರ ಕಿಲೋಮೀಟರಿನ ಲೆಕ್ಕದಲ್ಲಿ ಬಾಡಿಗೆ ಎಂದಾಗ ಮೇಷ್ಟ್ರು ಹಾಳೆ ಸಾಲದೆ ಹೊಸ ಡೈರಿ ತಂದರು.

ಮನೆಯವರ ಪ್ರಶ್ನೆ ಬೇರೆ. ‘ಏನೂಂದ್ರೆ, ನಮ್ಮದು ಸೊನ್ನೆ ಬಿಲ್ಲು. ಇದನ್ನ ತಂದು ಪ್ಲಗ್ಗಿಗೆ ಸಿಗಿಸಿದ್ರೆ ಗೃಹಜ್ಯೋತಿ ಉಳಿಯುತ್ತಾ?’ ಮೇಷ್ಟ್ರು ಆ ರಾತ್ರಿ ಊಟ ಮರೆತು ಲೆಕ್ಕ ಮಾಡಿದರು. ಒಮ್ಮೆ ಪೂರ್ತಿ ತುಂಬಿಸಲು ಹತ್ತಿರಹತ್ತಿರ 25 ಯೂನಿಟ್ಟು. ತಿಂಗಳಿಗೆ ಎಂಟು ಸಲವೆಂದರೆ ಅದೇ 200 ಯೂನಿಟ್ಟು, ಗೃಹಜ್ಯೋತಿಯ ಮೇಲ್ಮಿತಿ. ಮಿಕ್ಸಿ ತಿರುಗಿಸಿದರೆ ಜ್ಯೋತಿ ನಂದಿತು! ಉಳಿಯುವ ಪೆಟ್ರೋಲಿನ ದುಡ್ಡಿನಲ್ಲಿ ಆ ಬಿಲ್ಲು ಕಟ್ಟಿ, ಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯನ್ನೂ ತಿನ್ನಬಹುದು ಎಂಬುದು ಅವರಿಗೂ ಗೊತ್ತು. ಆದರೆ ಸೊನ್ನೆ ಎಂದರೆ ಸೊನ್ನೆ. ಗಣಿತದವರಿಗೆ ಅದರ ಮೇಲೆ ಗೌರವ ಜಾಸ್ತಿ.

ಹಳೇ ಕಾರು ನೋಡಲು ಹೊರಟರೆ ಮೇಷ್ಟ್ರನ್ನು ನೋಡಬೇಕು. ಅವರ ತಂದೆ ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಶ್ರದ್ಧೆ ಮಗನಲ್ಲಿ ಹಾಗೇ ಇಳಿದಿದೆ. ಕುಣಿಗಲ್‌ನಲ್ಲಿ ಒಬ್ಬರ ಮನೆ ಮುಂದೆ ಚಾರ್ಜಿಂಗ್ ಮುಚ್ಚಳ ತೆಗೆಸಿ ಸುಟ್ಟ ಕಲೆ ಇದೆಯೇ ಎಂದು ಟಾರ್ಚ್ ಬಿಟ್ಟರು. ಮ್ಯಾಟ್ ಎತ್ತಿ, ನೀರು ನುಗ್ಗಿತ್ತೇ ಎಂದು ಮೂಸಿದರು.

‘ಫಾಸ್ಟ್ ಚಾರ್ಜರ್ ಹಾಕ್ತಿದ್ರಾ?’

‘ಇಲ್ಲ ಸಾರ್, ಮನೇಲೇ, ರಾತ್ರಿ ಹೊತ್ತು.’

‘ಬ್ಯಾಟರಿ ಹೆಂಗಿದೆ?’

‘ಚೆನ್ನಾಗಿದೆ ಸಾರ್.’

‘ಚೆನ್ನಾಗಿದೆ ಅನ್ನೋದು ಅಂಕಿಯಲ್ಲ. ಅಂಕಿ ಹೇಳಿ.’

ಆ ಪುಣ್ಯಾತ್ಮರು ಸರ್ವಿಸ್ ಸೆಂಟರಿನ ವರದಿ ತಂದು ಕೊಟ್ಟರು. 92. ನೂರು ತುಂಬಿಸಿ ಹೆಬ್ಬೂರಿನವರೆಗೆ ಓಡಿಸಿ ಬಂದದ್ದೂ ಆಯಿತು, ಲೆಕ್ಕ ತಾಳೆಯಾಯಿತು. ಸುತ್ತ ನಿಂತವರೆಲ್ಲ ಇನ್ನೇನು ಅಡ್ವಾನ್ಸ್ ಕೊಟ್ಟಂತೆ ಎಂದುಕೊಂಡರು. ಮೇಷ್ಟ್ರು ವರದಿಯನ್ನು ಉತ್ತರಪತ್ರಿಕೆ ಹಿಡಿದಂತೆ ಹಿಡಿದು ಕೇಳಿದರು: ‘92 ಸರಿ. ಉಳಿದ ಎಂಟು ಎಲ್ಲಿ ಹೋಯ್ತು?’

ಅದೇ ಕಾರನ್ನು ಪಕ್ಕದ ಬೀದಿಯ ಬ್ಯಾಂಕಿನ ಹುಡುಗ ಮೇಷ್ಟ್ರ ಡೈರಿಯ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ ಕೊಂಡುಬಿಟ್ಟ. ದಿನಾ ಮಲ್ಲಸಂದ್ರದ ಮೇಲೆ ಗುಬ್ಬಿಗೆ ಹೋಗಿ ಬರುತ್ತಾನೆ. ‘ನಾನೇ ನೋಡಿಕೊಟ್ಟಿದ್ದು’ ಎಂದು ಮೇಷ್ಟ್ರು ಬೀದಿಗೆಲ್ಲ ಹೇಳುತ್ತಾರೆ. ಇತ್ತ ಅವರ ಮನೆಯವರು ಶಕ್ತಿ ಯೋಜನೆಯ ಬಸ್ಸಿನಲ್ಲಿ ತೋಟಕ್ಕೂ ಹೋಗುತ್ತಾರೆ, ಮಗಳ ಮನೆಗೂ ಹೋಗುತ್ತಾರೆ. ಕಿಲೋಮೀಟರಿಗೆ ಖರ್ಚು ಸೊನ್ನೆ. ಈ ಕಾಲಮ್ಮನ್ನು ಮಾತ್ರ ಮೇಷ್ಟ್ರು ಡೈರಿಯಲ್ಲಿ ಹಾಕಿಲ್ಲ.

ನೀವು ಹೊಸದೋ ಹಳೇದೋ ಎಂದು ತೂಗುತ್ತಿದ್ದರೆ ಕೇಳಿ. ಊರಿಂದೂರಿಗೆ ದೂರದ ಓಡಾಟ ಹೆಚ್ಚಿದ್ದರೆ ದೊಡ್ಡ ಬ್ಯಾಟರಿಯ ಹೊಸದು ವಾಸಿ. ತುಮಕೂರು, ಗುಬ್ಬಿ, ಕುಣಿಗಲ್ ಇಷ್ಟೇ ನಿಮ್ಮ ಲೋಕವಾದರೆ ವಾರಂಟಿ ಉಳಿದಿರುವ ಹಳೇದು ಧಾರಾಳ ಸಾಕು. ಆ ವಾರಂಟಿ ನಿಮ್ಮ ಹೆಸರಿಗೆ ಬರುತ್ತದೆಯೇ ಎಂದು ಬರಹದಲ್ಲಿ ತೆಗೆದುಕೊಳ್ಳಿ. ನೋಡಲು ಹೋಗುವಾಗ ಮೇಷ್ಟ್ರನ್ನು ತಪ್ಪದೆ ಕರೆದುಕೊಂಡು ಹೋಗಿ, ಅವರಂಥ ಕಣ್ಣು ಇನ್ನೊಬ್ಬರಿಗಿಲ್ಲ. ದುಡ್ಡು ಕೊಡುವ ದಿನ ಮಾತ್ರ ಅವರಿಗೆ ಹೇಳಬೇಡಿ.