ನಾನೂರು ಗ್ರಾಂ ಕರುಣೆ

ಮನುಷ್ಯನನ್ನು ಕೊಲ್ಲಬಹುದು. ಆದರೆ ಮರ್ಯಾದೆಯಿಂದ ಕೊಲ್ಲಬೇಕು. 1868ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತ ನಾಗರಿಕ ದೇಶಗಳು ಬರೆದುಕೊಟ್ಟಿದ್ದು ಇಷ್ಟೇ. 400 ಗ್ರಾಮಿಗಿಂತ ಹಗುರವಾದ ಸಿಡಿಗುಂಡು ನಿಷಿದ್ಧ. 400 ದಾಟಿದರೆ? ಅದು ಫಿರಂಗಿಯ ಗುಂಡು. ಹತ್ತು ಜನರನ್ನು ಒಟ್ಟಿಗೆ ಚಿಂದಿ ಮಾಡಿದರೂ ತಕರಾರಿಲ್ಲ. ಸಂತೆಯಲ್ಲಿ ಬೆಲ್ಲ ತೂಗುವ ಹಾಗೆ ಕ್ರೌರ್ಯ ತೂಗಿದರು.

ಸಭೆ ಕರೆದವನು ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್. ಗುಂಡು ಮಾಡಿದ್ದೂ ಅವನದೇ ಸೈನ್ಯ. 1863ರದ್ದು ಗಟ್ಟಿ ವಸ್ತುವಿಗೆ ತಾಗಿದರೆ ಮಾತ್ರ ಸಿಡಿಯುತ್ತಿತ್ತು; ಮದ್ದಿನ ಗಾಡಿ ಉಡಾಯಿಸಲಿಕ್ಕಂತೆ. 1867ರಲ್ಲಿ ಸುಧಾರಣೆ ಬಂತು: ಮೆತ್ತನೆಯದಕ್ಕೆ ತಾಗಿದರೂ ಸಿಡಿಯುತ್ತದೆ. ಮೆತ್ತನೆಯ ಗಾಡಿಯನ್ನು ನೀವು ಕಂಡಿದ್ದೀರಾ? ನೆರೆಯವರೂ ಇದನ್ನು ಮಾಡಿಕೊಂಡರೆ ಗತಿಯೇನು ಎಂಬ ಯೋಚನೆ ಹೊಕ್ಕಿತು ನೋಡಿ, ಕರುಣೆ ಉಕ್ಕಿತು.

ಈ ಗಾಡಿಯ ನೆಪ ಹಳೆಯದು. 1850ರ ದಶಕದಲ್ಲೇ ಸಿಂಧ್‌ನಲ್ಲಿ ಜಾನ್ ಜೇಕಬ್ ಎಂಬ ಕಂಪನಿ ಸರ್ಕಾರದ ದಂಡನಾಯಕ ಸಿಡಿಗುಂಡಿನ ಬಂದೂಕು ಮಾಡಿಸಿ ಇದನ್ನೇ ಹೇಳಿದ್ದ.

ಗುಂಡಿನ ಕರಾಮತ್ತಾದರೂ ಏನು? ತಾಗಿದ ಪೆಟ್ಟಿಗೆ ಒಳಗಿನ ಕೇಪು ಹೊತ್ತಿಕೊಳ್ಳುತ್ತದೆ. ಚಿಟಿಕೆ ಮದ್ದು ಸಿಡಿಯುತ್ತದೆ. ಗೋಡೆಗೆ ಅದರಿಂದ ಏನೂ ಆಗದು. ಹೊಟ್ಟೆಗೆ ಆಗುತ್ತದೆ. ಸಾದಾ ಗುಂಡಿಗೂ ಬೀಳುವ ಸೈನಿಕ ಇದಕ್ಕೂ ಬೀಳುತ್ತಾನೆ, ಅಷ್ಟೇ. ಹೆಚ್ಚುವರಿ ಸಿಕ್ಕುವುದು ನರಳಾಟ ಮಾತ್ರ.

1868ರ ಆಣೆಯೂ ಎಂಥದ್ದು! ಸಹಿ ಹಾಕಿದವರು ತಮ್ಮ ತಮ್ಮೊಳಗೆ ಕಾದಾಡಿದರೆ ಮಾತ್ರ ಅನ್ವಯ. ಆಫ್ರಿಕಾದವನಿಗೆ, ಪಠಾಣನಿಗೆ ಇಲ್ಲ. 1899ರಲ್ಲಿ ಹೇಗ್‌ನಲ್ಲಿ ದಮ್‌ದಮ್ ಗುಂಡಿನ ಚರ್ಚೆ ಬಂತು. ಕಲ್ಕತ್ತದ ಪಕ್ಕದ ಸರ್ಕಾರಿ ಕಾರ್ಖಾನೆಯ ಮಾಲು. ಸಿಡಿಯುವುದಲ್ಲ, ಮೈಯೊಳಗೆ ಅರಳುವುದು. ಬ್ರಿಟನ್ನಿನ ಪ್ರತಿನಿಧಿ ಜಾನ್ ಆರ್ಡಾ ವಾದಿಸಿದ: ಕಾಡು ಜನ ಸಾದಾ ಗುಂಡಿಗೆ ಬೀಳುವುದಿಲ್ಲ. ನಾವು ಬೀಳಲಿಲ್ಲ, ತಪ್ಪು ನಮ್ಮದೇ.

1916ರಲ್ಲಿ ಲಂಡನ್ನಿನ ನೆತ್ತಿಯ ಮೇಲೆ ಜರ್ಮನ್ ವಾಯುನೌಕೆ ಬಂತು. ಅದೇ ಬ್ರಿಟನ್ ಪೊಮೆರಾಯ್ ಎಂಬ ಸಿಡಿಗುಂಡು ತುಂಬಿಕೊಂಡು ವಿಮಾನ ಹತ್ತಿತು. ಆಣೆ ನೆಲದಲ್ಲೇ ಉಳಿಯಿತು. ಮುಂದಿನ ಮಹಾಯುದ್ಧದಲ್ಲಿ ಜರ್ಮನಿಯೂ ರೈಫಲ್ ಸಿಡಿಗುಂಡು ಮಾಡಿತು. ಎಲ್ಲಿ ತಾಗಿತೆಂದು ಹೊಗೆಯಿಂದ ತಿಳಿಯಲಿಕ್ಕಂತೆ. ಪೂರ್ವ ರಣರಂಗದಲ್ಲಿ ಅದು ಸೈನಿಕರ ಮೈಮೇಲೂ ಹೊಗೆ ಹಾರಿಸಿತು. ಸೋವಿಯತ್ತರೂ ಸುಮ್ಮನಿರಲಿಲ್ಲ.

ಈಗ ನಾರ್ವೆ. ಶಾಂತಿ ನೊಬೆಲ್ ಹಂಚುವ ದೇಶ. ನೆಲಬಾಂಬ್ ನಿಷೇಧಕ್ಕೆ 1997ರಲ್ಲಿ, ಕ್ಲಸ್ಟರ್ ಬಾಂಬ್ ನಿಷೇಧಕ್ಕೆ 2008ರಲ್ಲಿ ಓಸ್ಲೋದಲ್ಲೇ ಚಪ್ಪರ ಹಾಕಿತ್ತು. 1868ರ ಕಾಗದಕ್ಕೂ ಸ್ವೀಡನ್ನಿನ ಜೊತೆ ಅದರ ಸಹಿಯಿದೆ. ಅಲ್ಲಿನ ರಾಫೋಸ್ ಎಂಬ ಊರಿನಲ್ಲಿ 12.7 ಮಿ.ಮೀ. ಗುಂಡು ತಯಾರಾಗುತ್ತದೆ. ತೂಕ 50 ಗ್ರಾಮೂ ಇಲ್ಲ. ಒಳಗೆ ಸ್ಫೋಟಕವಿದೆ. ಅದನ್ನು ಮಾಡುವ ಕಂಪನಿಯಲ್ಲಿ ಅರ್ಧ ಪಾಲು ನಾರ್ವೆ ಸರ್ಕಾರದ್ದು. ಮನುಷ್ಯದೇಹದಂಥ ಜೆಲಟಿನ್‌ಗೆ ಹೊಡೆಸಿ ನೋಡಿದ ರೆಡ್ ಕ್ರಾಸ್, ಇದು ಒಳಗೇ ಸಿಡಿಯುತ್ತದೆ ಎಂದಿತು. ನಾರ್ವೆ ಒಪ್ಪಲಿಲ್ಲ. ಇದು ಸಾಮಗ್ರಿಗೆ ಹೊಡೆಯುವ ಗುಂಡು, ಜನರಿಗಲ್ಲ. ಸಾಮಗ್ರಿಯ ಹಿಂದೆ ಯಾವನೋ ಸೈನಿಕ ಹೊಟ್ಟೆ ಇಟ್ಟುಕೊಂಡು ನಿಂತಿದ್ದರೆ ಅದು ಹೊಟ್ಟೆಯ ತಪ್ಪು.