ಆರ್‌ಎಂ ಮಂತ್ರದ ಶೂನ್ಯಮೀಮಾಂಸೆ

ಗ್ರಂಥಾರಂಭದಲ್ಲಿ ಮಂಗಳಾಚರಣೆ ಮಾಡುವುದು ಸಂಪ್ರದಾಯ. ಪ್ರಸ್ತುತ ಶಾಸ್ತ್ರದಲ್ಲಿ ಅದಕ್ಕೆ ಬ್ಯಾಕಪ್ ಎಂದು ಹೆಸರು. ಬಹುತೇಕ ಸಾಧಕರು ಅದನ್ನು ನೆನೆಯುವುದು ಗ್ರಂಥ ಮುಗಿದ ಮೇಲೆ.

ಫೈಲು ಅಳಿಸುವ ಮೂಲಮಂತ್ರ ಎರಡೇ ಅಕ್ಷರ: ಆರ್, ಎಂ. ಬೆಲ್ ಲ್ಯಾಬ್ಸ್‌ನಲ್ಲಿ 1971ರ ನವೆಂಬರಿನಲ್ಲಿ ಸಿದ್ಧವಾದ ಯೂನಿಕ್ಸ್ ಕೈಪಿಡಿಯ ಪ್ರಥಮ ಆವೃತ್ತಿಯಲ್ಲೇ ಇದಕ್ಕೆ ಸ್ಥಾನವಿದೆ. ಇದಕ್ಕೆ 'ಆರ್' ಪ್ರತ್ಯಯ ಹತ್ತಿದರೆ ಡೈರೆಕ್ಟರಿಯ ವಂಶವೃಕ್ಷ ಬುಡಸಮೇತ ಹೋಗುತ್ತದೆ; 'ಎಫ್' ಹತ್ತಿದರೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಫಲಶ್ರುತಿ ಮೌನ. ಮಂತ್ರ ಸಿದ್ಧಿಸಿದರೆ ಪರದೆಯ ಮೇಲೆ ಏನೂ ಮೂಡದು.

ಈ ಮಂತ್ರದಿಂದ ಫೈಲು ನಾಶವಾಗುತ್ತದೆ ಎಂಬುದು ಪೂರ್ವಪಕ್ಷ. ಸಿದ್ಧಾಂತಿಗಳು ಒಪ್ಪರು. ಅಳಿಯುವುದು ನಾಮ ಮಾತ್ರ; ಅದೇ ಫೈಲಿಗೆ ಇನ್ನೊಂದು ಹೆಸರಿನ ಕೊಂಡಿ ಇದ್ದರೆ ವಸ್ತು ಇದ್ದಲ್ಲೇ ಇರುತ್ತದೆ. ಕೊನೆಯ ಹೆಸರು ಹೋದರೂ, ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಕೂತಿದ್ದರೆ ಡಿಸ್ಕಿನ ಜಾಗ ಬಿಡುಗಡೆಯಾಗದು. ಡಿಸ್ಕ್ ತುಂಬಿತೆಂದು ಭಾರೀ ಲಾಗ್ ಫೈಲನ್ನು ಅಳಿಸಿ, ಆಮೇಲೂ ಡಿಸ್ಕ್ ತುಂಬಿಯೇ ಇರುವುದನ್ನು ಕಂಡು ಕಣ್ಣುಜ್ಜಿಕೊಂಡ ಅಡ್ಮಿನ್‌ಗಳಿಗೆ ಈ ತತ್ತ್ವ ಪ್ರತ್ಯಕ್ಷ ಪ್ರಮಾಣದಿಂದಲೇ ಗೊತ್ತು.

ಹಾಗಾದರೆ ಪ್ರಳಯಕ್ಕೆ ಕಾರಣ ಯಾವ ಅಕ್ಷರ? 'ಆರ್' ಎಂದೊಂದು ಪಂಥ, 'ಎಫ್' ಎಂದು ಇನ್ನೊಂದು. ಪ್ರಸ್ತುತ ಪ್ರಬಂಧದ ವಾದ ಬೇರೆ: ಕಾರಣ ಶೂನ್ಯ. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ 'ಯುಎಸ್‌ಆರ್' ಮತ್ತು ಅದರ ಮುಂದಿನ ಓರೆಗೆರೆಯ ನಡುವೆ ಒಂದೇ ಒಂದು ಸ್ಪೇಸ್ ನುಸುಳಿತ್ತು. ಅಳಿಯಬೇಕಿದ್ದದ್ದು ಒಳಗೆಲ್ಲೋ ಇದ್ದ ಒಂದು ಸಣ್ಣ ದಾರಿ. ಅಳಿದದ್ದು ಇಡೀ ಯುಎಸ್‌ಆರ್ ಡೈರೆಕ್ಟರಿ. ಪದಚ್ಛೇದದಲ್ಲಿ ತಪ್ಪಿದರೆ ಅರ್ಥ ಕೆಡುತ್ತದೆಂದು ನಮ್ಮ ವೈಯಾಕರಣರು ಎಚ್ಚರಿಸಿದ್ದರು. ಆಪರೇಟಿಂಗ್ ಸಿಸ್ಟಂ ಕೆಡುತ್ತದೆಂಬುದು ಅವರಿಗೂ ಹೊಳೆದಿರಲಿಲ್ಲ.

ರೂಟ್ ಡೈರೆಕ್ಟರಿಯನ್ನೇ ಅಳಿಸಹೊರಟವರನ್ನು ತಡೆಯುವ ವಿಧಿ ಗ್ನೂ ಆವೃತ್ತಿಯಲ್ಲಿ 2006ರಿಂದ ತಾನಾಗಿ ಜಾರಿಯಲ್ಲಿದೆ. ಅದನ್ನು ಮೀರಬೇಕಾದರೆ '--ನೋ-ಪ್ರಿಸರ್ವ್-ರೂಟ್' ಎಂದು ಪ್ರತ್ಯೇಕವಾಗಿ ಬರೆಯಬೇಕು. ಇಂಗ್ಲಿಷಿನಲ್ಲಿ ಅಡ್ಡಗೆರೆ ಸಮೇತ ಎಣಿಸಿದರೆ ಸರಿಯಾಗಿ 18, ಮಹಾಭಾರತದ ಪರ್ವಗಳಷ್ಟೇ. ಹೊಸ ಆವೃತ್ತಿಗಳಲ್ಲಿ ಇದನ್ನು ಸಂಕ್ಷೇಪಿಸುವಂತೆಯೂ ಇಲ್ಲ. ಸರ್ವನಾಶಕ್ಕೆ ಪೂರ್ಣ ಪಾರಾಯಣ ಕಡ್ಡಾಯ. ಆದರೆ ಶೂನ್ಯ ಅಲ್ಲೂ ಸಂದು ಹುಡುಕಿತು. 2015ರ ಜನವರಿಯಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ, ಸ್ಟೀಮ್ ಗೇಮ್ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟು ತನ್ನ ಮನೆಯ ವಿಳಾಸವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಅದು ಖಾಲಿಯಾದಾಗ ಉಳಿದದ್ದು ಓರೆಗೆರೆ ಮತ್ತು ನಕ್ಷತ್ರಚಿಹ್ನೆ. ನಕ್ಷತ್ರವನ್ನು ಶೆಲ್ ಮೊದಲೇ ಬಿಡಿಸಿ ಒಂದೊಂದೇ ಹೆಸರಾಗಿ ಒಪ್ಪಿಸುವುದರಿಂದ ಕಾವಲುಗಾರನ ಕಣ್ಣಿಗೆ ರೂಟ್ ಬೀಳಲೇ ಇಲ್ಲ. ಬಳಕೆದಾರನ ಫೈಲುಗಳು ಸಾಲಾಗಿ ನಡೆದವು. ಆ ಸಾಲಿನ ಪಕ್ಕದಲ್ಲೇ ಬರೆದವರು 'ಭಯಂಕರ!' ಎಂಬರ್ಥದ ಟಿಪ್ಪಣಿಯನ್ನೂ ಹಾಕಿದ್ದರು. ಭಾಷ್ಯಕಾರನಿಗೆ ಸತ್ಯ ತಿಳಿದಿತ್ತು, ಸೂತ್ರ ತಿದ್ದಲು ಪುರುಸೊತ್ತಿರಲಿಲ್ಲ.

ಖಾಲಿ ಡೈರೆಕ್ಟರಿಗೆಂದೇ ಇರುವ ಸಾತ್ತ್ವಿಕ ಮಂತ್ರವೂ ಒಂದಿದೆ: ಆರ್‌ಎಂಡಿಐಆರ್. ಒಳಗೆ ಒಂದೇ ಫೈಲು ಇದ್ದರೂ ಅದು ಮುಟ್ಟದು. ಇದರ ಮಹಿಮೆ ತಿಳಿಯಲು ಕೋಡ್ ಸಂಗ್ರಹತಾಣವಾದ ಗಿಟ್‌ಲ್ಯಾಬ್ ಪ್ರಕರಣವನ್ನು ನೋಡಬೇಕು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ದತ್ತಾಂಶದ ನಕಲಿಗೆ ಎರಡನೇ ಸರ್ವರಿನ ಖಾಲಿ ಡೈರೆಕ್ಟರಿಯೇ ಅಡ್ಡಿಯಾಗಿರಬೇಕೆಂದು ಊಹಿಸಿ ಅದನ್ನು ತೆಗೆಯಹೊರಟರು. ಕಮ್ಯಾಂಡ್ ಓಡಿದ್ದು ಮೊದಲನೇ ಸರ್ವರಿನಲ್ಲಿ. ಕೂಡಲೇ ಎಚ್ಚೆತ್ತು ನಿಲ್ಲಿಸಿದರೂ 300 ಜಿಬಿಯಲ್ಲಿ ಮಿಕ್ಕದ್ದು 4.5 ಜಿಬಿ. ಖಾಲಿಯೆಂದೇ ನಂಬಿದ್ದ ಮೇಲೆ ಆರ್‌ಎಂಡಿಐಆರ್ ಸಾಕಿತ್ತು. ತಪ್ಪು ಸರ್ವರಿನಲ್ಲಿ ಅದು ಕದಲದೆ ಕೂರುತ್ತಿತ್ತು. ಮಂಗಳಾಚರಣೆ ನೆನೆದು ಬ್ಯಾಕಪ್‌ಗಳತ್ತ ಓಡಿದರೆ, ಅವುಗಳನ್ನು ಇಡಬೇಕಿದ್ದ ಜಾಗದಲ್ಲೇ ನಿಜವಾದ ಶೂನ್ಯ ನೆಲೆಸಿತ್ತು. ಕೊನೆಗೆ ಕೈಹಿಡಿದದ್ದು ಅದೇ ಎಂಜಿನಿಯರ್ ಆರು ಗಂಟೆ ಮುಂಚೆ ಬೇರೇನೋ ಪರೀಕ್ಷೆಗೆಂದು ತೆಗೆದಿದ್ದ ಒಂದು ನಕಲು. ನಿತ್ಯಕರ್ಮ ಕೈಕೊಟ್ಟು ಕಾಕತಾಳೀಯ ಕಾಯ್ದ ಈ ಪ್ರಸಂಗವನ್ನು ವಿಧಿಯಲ್ಲಿ ಸೇರಿಸಬೇಕೋ ಅರ್ಥವಾದದಲ್ಲೋ ಎಂಬ ಚರ್ಚೆಯಲ್ಲಿ, ಆ ಆರು ಗಂಟೆಗಳ ದತ್ತಾಂಶ ಕಳೆದುಕೊಂಡವರು ಪಾಲ್ಗೊಳ್ಳುವ ಉತ್ಸಾಹ ತೋರಿಲ್ಲ.